ಒಂದು ಪಾರ್ಸೆಲ್ ಇನ್ನೂ ಬಂದಿಲ್ಲವೇ? ಅಲ್ಲಿಯವರೆಗೆ ಕಂಪ್ಯೂಟರ್ ಜೋಡಿಸುವ ಕ್ರಮ

ಡೆಸ್ಕ್‌ಟಾಪ್‌ನ ಬಿಡಿಭಾಗಗಳನ್ನು ನಾಲ್ಕು ಕಡೆಯಿಂದ ತರಿಸಿದರೆ ನಾಲ್ಕೂ ಒಂದೇ ದಿನ ಬರುವುದಿಲ್ಲ. ಪ್ರೊಸೆಸರ್, ರ‍್ಯಾಮ್ ಎರಡು ದಿನದಲ್ಲಿ ಬಾಗಿಲಿಗೆ ಬಂದಿರುತ್ತವೆ, ಕ್ಯಾಬಿನೆಟ್ಟನ್ನು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಿಂದ ಆಟೋದಲ್ಲಿ ನೀವೇ ಹೊತ್ತು ತಂದಿರುತ್ತೀರಿ, ಗ್ರಾಫಿಕ್ಸ್ ಕಾರ್ಡ್ ಮಾತ್ರ ಯಾವುದೋ ಊರಿನ ಗೋದಾಮಿನಲ್ಲಿ ಕೂತಿರುತ್ತದೆ. ಆಗ ಕೆಲವರು ಬಂದದ್ದನ್ನೆಲ್ಲ ಸೀಲ್ ಒಡೆಯದೆ ಮಂಚದ ಕೆಳಗೆ ತಳ್ಳುತ್ತಾರೆ. ಇನ್ನು ಕೆಲವರು ಹಳೆ ಕಂಪ್ಯೂಟರಿನ ಒಂದು ವಯರ್, ಗೆಳೆಯನ ಮನೆಯ ಒಂದು ಕೂಲರ್ (ಪ್ರೊಸೆಸರನ್ನು ತಂಪಾಗಿಡುವ ಫ್ಯಾನ್) ಸೇರಿಸಿ ಹೇಗಾದರೂ ಆನ್ ಮಾಡಲು ಹೊರಡುತ್ತಾರೆ.

ಸೀಲ್ ಒಡೆಯದೆ ಇಡುವುದು ನೋಡಲು ಜಾಣತನ. ಆದರೆ ಬದಲಿ ಕೊಡುವ ಗಡುವು ಪ್ರತಿ ವಸ್ತುವಿಗೂ ಬೇರೆ ಬೇರೆ, ಮತ್ತು ಅದು ಆ ವಸ್ತು ನಿಮ್ಮ ಕೈ ಸೇರಿದ ದಿನದಿಂದಲೇ ಓಡುತ್ತಿರುತ್ತದೆ. ಆನ್‌ಲೈನ್ ಮಾರಾಟಗಾರರಲ್ಲಿ ಅದು ಏಳೋ ಹತ್ತೋ ದಿನ. ಕೊನೆಯ ಪಾರ್ಸೆಲ್ ಬಂದು, ಎಲ್ಲ ಜೋಡಿಸಿ, ಪರದೆ ಕಪ್ಪಗೇ ಉಳಿದು, ಮದರ್‌ಬೋರ್ಡ್ ಸತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಮದರ್‌ಬೋರ್ಡಿನ ಗಡುವು ಮುಗಿದಿರುತ್ತದೆ. ಆಮೇಲೆ ಉಳಿಯುವುದು ವಾರಂಟಿಯ ಉದ್ದನೆಯ ದಾರಿ. ಹಾಗಾಗಿ ಕಾಯುವ ದಿನಗಳಲ್ಲಿ ಮಾಡಬೇಕಾದ ಕೆಲಸ ಇಷ್ಟು: ಬಂದಿರುವ ಭಾಗಗಳಲ್ಲಿ ಪರೀಕ್ಷಿಸಲು ಸಾಧ್ಯವಿರುವುದನ್ನೆಲ್ಲ ಪರೀಕ್ಷಿಸಿ ಮುಗಿಸುವುದು. ಕೊನೆಯದು ಬಂದ ದಿನ ಅದೊಂದರ ಮೇಲೆ ಮಾತ್ರ ಅನುಮಾನ ಉಳಿಯಬೇಕು.

ಮೊದಲು ಡಬ್ಬಿಗಳ ಲೆಕ್ಕ

ಪ್ರತಿ ಡಬ್ಬಿಯನ್ನೂ ಫೋನಿನಲ್ಲಿ ವಿಡಿಯೊ ಮಾಡುತ್ತಾ ತೆರೆಯಿರಿ. ಕೊರಿಯರ್ ಚೀಟಿ, ಸೀಲ್, ಒಳಗಿನ ವಸ್ತು ಎಲ್ಲವೂ ಒಂದೇ ವಿಡಿಯೊದಲ್ಲಿ, ಮಧ್ಯೆ ನಿಲ್ಲಿಸದೆ ಇರಲಿ. ನಂತರ ಸೀರಿಯಲ್ ನಂಬರುಗಳ ಫೋಟೊ. ಇದನ್ನು ಈಗಲೇ ಮಾಡಬೇಕು ಎನ್ನಲು ಕಾರಣವಿದೆ. ಎಸ್‌ಎಂಪಿಎಸ್ (ಕರೆಂಟು ಕೊಡುವ ಪೆಟ್ಟಿಗೆ) ಮೇಲಿನ ಸ್ಟಿಕರ್ ಕ್ಯಾಬಿನೆಟ್ ಒಳಗೆ ಕೂತ ಮೇಲೆ ಕಾಣುವುದಿಲ್ಲ, ಪ್ರೊಸೆಸರ್ ಮೇಲಿನ ಬರಹ ಕೂಲರ್ ಕೆಳಗೆ ಶಾಖ ಸಾಗಿಸುವ ಪೇಸ್ಟ್ ಮೆತ್ತಿಕೊಂಡು ಮುಚ್ಚಿಹೋಗುತ್ತದೆ. ಮುಂದೆ ವಾರಂಟಿಗೆ ಹೋದಾಗ ಕೇಳುವುದು ಅದನ್ನೇ.

ಏನು ಬಂದಿಲ್ಲ ಎಂದು ತೀರ್ಮಾನಿಸುವ ಮುಂಚೆ ಚಿಕ್ಕ ಪೊಟ್ಟಣಗಳನ್ನು ಹುಡುಕಿ. ಕ್ಯಾಬಿನೆಟ್ಟಿನ ಸ್ಕ್ರೂ ಪೊಟ್ಟಣವನ್ನು ಹಾರ್ಡ್‌ಡಿಸ್ಕ್ ಇಡುವ ಗೂಡಿನೊಳಗೆ ಕಟ್ಟಿರುವುದುಂಟು. ಮದರ್‌ಬೋರ್ಡ್ ಡಬ್ಬಿಯಲ್ಲಿ ಬೋರ್ಡಿನ ಕೆಳಗಿನ ರಟ್ಟನ್ನು ಎತ್ತಿದರೆ ಡಿಸ್ಕ್ ಜೋಡಿಸುವ ಸಾಟಾ ಕೇಬಲ್, ಹಿಂಬದಿಯ ತಗಡು (ಕ್ಯಾಬಿನೆಟ್ಟಿನ ಹಿಂದೆ ಬೋರ್ಡಿನ ತೂತುಗಳ ಸುತ್ತ ಕೂರುವುದು), ಎಸ್‌ಎಸ್‌ಡಿ ಡಿಸ್ಕನ್ನು ಬಿಗಿಯುವ ಎಂ.2 ಸ್ಕ್ರೂ ಸಿಗುತ್ತವೆ. ಆ ಎಂ.2 ಸ್ಕ್ರೂ ಅಕ್ಕಿಕಾಳಿಗಿಂತ ಚಿಕ್ಕದು. ಎಷ್ಟೋ ಬೋರ್ಡುಗಳಲ್ಲಿ ಅದು ಪೊಟ್ಟಣದಲ್ಲಿರದೆ ಬೋರ್ಡಿನ ಮೇಲೇ ತಿರುಗಿಸಿ ಕೂರಿಸಿರುತ್ತದೆ. ಕೂಲರ್ ಡಬ್ಬಿಯಲ್ಲಿ ಇಂಟೆಲ್‌ಗೆ ಒಂದು, ಎಎಂಡಿಗೆ ಒಂದು, ಬೋರ್ಡಿಗೆ ಹಿಡಿಸುವ ಬ್ರಾಕೆಟ್ ಇದೆಯೇ, ಅದರಲ್ಲಿ ನಿಮ್ಮ ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೆಸರಿದೆಯೇ ನೋಡಿ.

ಡಬ್ಬಿ, ಥರ್ಮೊಕೋಲ್, ಬೂದು ಬಣ್ಣದ ಆ್ಯಂಟಿಸ್ಟ್ಯಾಟಿಕ್ ಕವರ್ ಯಾವುದನ್ನೂ ಈಗ ಬಿಸಾಡಬೇಡಿ. ಮನೆಯವರು ಬೈಯುತ್ತಾರೆ, ಅಟ್ಟಕ್ಕೆ ಹಾಕಿ. ಮದರ್‌ಬೋರ್ಡಿನ ಸಾಕೆಟ್ ಮೇಲಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳವಂತೂ ಜೋಪಾನ. ಸಾಕೆಟ್ಟಿನ ಪಿನ್ನುಗಳನ್ನು ಕಾಯುವುದು ಅದೇ. ಅದಿಲ್ಲದೆ ಬೋರ್ಡ್ ವಾಪಸ್ ಕಳಿಸಿದರೆ ದಾರಿಯಲ್ಲಿ ಬಾಗಿದ ಪಿನ್ನಿಗೂ ನೀವೇ ಹೊಣೆ ಎನ್ನುತ್ತಾರೆ.

ಮೇಜಿನ ಮೇಲೆ ಜೋಡಣೆ

ಕ್ಯಾಬಿನೆಟ್ ಬಂದಿರಲಿ ಬಿಡಲಿ, ಮೊದಲ ಜೋಡಣೆ ಅದರ ಹೊರಗೇ ಆಗಲಿ ಎಂಬುದು ನನ್ನ ಹಟ. ಕೂಲರ್ ಸರಿಯಾಗಿ ಕೂತಿದೆಯೇ ಎಂದು ಬೋರ್ಡನ್ನು ಮಗುಚಿ ನೋಡಬಹುದು, ತಪ್ಪಾದರೆ ಬಿಚ್ಚುವುದು ಸುಲಭ, ಶಾರ್ಟ್ ಆಗುವ ತಗಡು ಅಕ್ಕಪಕ್ಕ ಇರುವುದಿಲ್ಲ.

ಮರದ ಮೇಜು ಒಳ್ಳೆಯದು. ಅದರ ಮೇಲೆ ಮದರ್‌ಬೋರ್ಡಿನ ಖಾಲಿ ರಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಬೋರ್ಡ್. ಬೂದು ಕವರಿನ ಮೇಲೆ ಬೋರ್ಡ್ ಇಟ್ಟು ಕರೆಂಟ್ ಕೊಡಬೇಡಿ, ಆ ಕವರಿನ ಹೊರಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ಬೆಂಗಳೂರಿನಲ್ಲಿ ಫೆಬ್ರುವರಿ, ಮಾರ್ಚ್‌ನ ಒಣಹವೆಯಲ್ಲಿ ಬಾಗಿಲ ಚಿಲಕ ಮುಟ್ಟಿದರೂ ಚುರ್ ಎನ್ನುವ ದಿನಗಳಿರುತ್ತವೆ. ಆಗ ನೈಲಾನ್ ಚಾಪೆ, ಸಿಂಥೆಟಿಕ್ ಸ್ವೆಟರ್ ಎರಡನ್ನೂ ದೂರವಿಡಿ. ಎಸ್‌ಎಂಪಿಎಸ್ಸನ್ನು ಮೂರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ, ಅದರ ಹಿಂದಿನ ಸ್ವಿಚ್ ಆಫ್ ಇಟ್ಟು, ಆಗಾಗ ಅದರ ಲೋಹದ ಮೈ ಮುಟ್ಟುತ್ತಿದ್ದರೆ ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಮನೆಯಲ್ಲಿ ಅರ್ಥಿಂಗ್ ಸರಿಯಿದ್ದರೆ ಮಾತ್ರ ಈ ಮಾತು. ಹಳೆ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಅರ್ಥ್ ವಯರ್ ಒಳಗೆ ತುಂಡಾಗಿ ನಿಂತಿರುತ್ತದೆ. ಕಂಪ್ಯೂಟರಿನ ಮೈ ಮುಟ್ಟಿದಾಗ ಬೆರಳು ಜುಮ್ ಎನ್ನುತ್ತಿದ್ದರೆ ಎಲೆಕ್ಟ್ರೀಷಿಯನ್ನನ್ನು ಕರೆಸಿ. ಕಾಯುವ ದಿನಗಳಲ್ಲಿ ಅದನ್ನು ಮುಗಿಸಿಬಿಡಿ.

ಪ್ರೊಸೆಸರ್ ಮೊದಲು. ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ತಾನಾಗಿ ಕೂರಲು ಬಿಡಿ, ಒತ್ತಬೇಡಿ. ಇಂಟೆಲ್ 1700 ಸಾಕೆಟ್ಟಿನಲ್ಲೂ ಎಎಂಡಿ ಎಎಂ5ನಲ್ಲೂ ಪಿನ್ನುಗಳಿರುವುದು ಬೋರ್ಡಿನಲ್ಲಿ. ಲಿವರ್ ಇಳಿಸುವಾಗ ಕರ್ರೆಂದು ಸದ್ದಾಗಿ ಗಾಬರಿಯಾಗುತ್ತದೆ, ಅದು ಸಹಜ; ಮುಚ್ಚಳ ತಾನೇ ಎಗರಿ ಬೀಳುತ್ತದೆ. ಎಎಂಡಿಯ ಹಳೆ ಸಾಕೆಟ್ ಎಎಂ4ನಲ್ಲಿ ಪಿನ್ನು ಪ್ರೊಸೆಸರಿನಲ್ಲೇ ಇರುವುದರಿಂದ ಅದನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ರ‍್ಯಾಮ್ ಎರಡು ಸ್ಟಿಕ್ ಇದ್ದರೆ, ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಒಂದೇ ಇದ್ದರೆ ಎರಡನೆಯದಕ್ಕೆ. ಟಕ್ ಎನ್ನುವವರೆಗೆ ಒತ್ತಬೇಕು, ಇಲ್ಲಿ ಸ್ವಲ್ಪ ಬಲ ಬೇಕೇ ಬೇಕು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕೂರುತ್ತಿಲ್ಲ ಎಂದರೆ ತಪ್ಪು ಮಾಲು ಬಂದಿರಬಹುದು, ಡಬ್ಬಿ ಮತ್ತೆ ಓದಿ.

ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಕೆಳಗೆ ಒತ್ತಿ ಸ್ಕ್ರೂ ಹಾಕಿ. ಬೋರ್ಡಿನ ಹೀಟ್‌ಸಿಂಕ್ (ಎಸ್‌ಎಸ್‌ಡಿಯ ಮೇಲೆ ಕೂರುವ ಲೋಹದ ಪಟ್ಟಿ) ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ, ತೆಗೆಯಿರಿ. ಇಂಥದ್ದೇ ಹಾಳೆ ಕೂಲರಿನ ತಳದಲ್ಲೂ ಇರಬಹುದು, ಅದನ್ನು ತೆಗೆಯದವರ ಪ್ರೊಸೆಸರ್ ನಿಮಿಷದಲ್ಲಿ ಕಾದು ಕೂರುತ್ತದೆ.

ಕೂಲರ್ ವಿಷಯ ನಿಧಾನ. ಇಂಟೆಲ್ ಡಬ್ಬಿಯ ಕೂಲರ್‌ಗೆ ಪೇಸ್ಟ್ ಮೊದಲೇ ಬಳಿದಿರುತ್ತದೆ, ಬೆರಳು ತಾಗಿಸಬೇಡಿ. ನಾಲ್ಕು ಪಿನ್ನುಗಳನ್ನು ಎದುರುಬದುರು ಮೂಲೆಗಳ ಕ್ರಮದಲ್ಲಿ ಒತ್ತಿ, ಬೋರ್ಡ್ ಎತ್ತಿ ಹಿಂಬದಿ ನೋಡಿ: ನಾಲ್ಕೂ ಕಡೆ ಬಿಳಿ ಪ್ಲಾಸ್ಟಿಕ್ ಕವಲೊಡೆದು, ನಡುವೆ ಕಪ್ಪು ಮೊಳೆ ಪೂರ್ತಿ ಇಳಿದಿರಬೇಕು. ಎಎಂಡಿ ಡಬ್ಬಿಯ ರೇತ್ ಸ್ಟೆಲ್ತ್ ಕೂಲರ್ ಆದರೆ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಿ, ನೇರ ಸ್ಕ್ರೂ. ಎಎಂ4 ಬೋರ್ಡಿನಲ್ಲಿ ಆ ಬ್ರಾಕೆಟ್ ಬಿಚ್ಚಿದ ಕೂಡಲೇ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಕೈ ಕೊಟ್ಟು ಹಿಡಿದಿರಿ. ಎಎಂ5ನಲ್ಲಿ ಬೀಳುವುದಿಲ್ಲ. ಫ್ಯಾನ್ ವಯರನ್ನು ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿಗೇ ಹಾಕಿ.

ಇನ್ನು ಕರೆಂಟು. ದೊಡ್ಡ 24 ಪಿನ್ನಿನ ಪ್ಲಗ್ ಬೋರ್ಡಿನ ಬಲಬದಿಗೆ. ಮೇಲೆ ಎಡಮೂಲೆಯಲ್ಲಿ 8 ಪಿನ್ನಿನದು ಪ್ರೊಸೆಸರಿಗೆ. ಅದು ನಾಲ್ಕು ಮತ್ತು ನಾಲ್ಕಾಗಿ ಸೀಳುವಂಥದ್ದು, ಮೇಲೆ ಸಿಪಿಯು ಎಂದಿರುತ್ತದೆ. ಆರು ಮತ್ತು ಎರಡಾಗಿ ಸೀಳುವ ಇನ್ನೊಂದು 8 ಪಿನ್ನಿನದು ಗ್ರಾಫಿಕ್ಸ್ ಕಾರ್ಡಿನದು. ನೋಡಲು ಅಣ್ಣತಮ್ಮಂದಿರಂತಿವೆ, ಅದಲುಬದಲು ಮಾಡಿ ಬಲವಂತವಾಗಿ ತುರುಕಿದರೆ ಹೊಗೆ.

ಮಾನಿಟರ್ ವಯರ್ ಹಾಕಿ. ಪವರ್ ಬಟನ್ ಕ್ಯಾಬಿನೆಟ್ಟಿನಲ್ಲಿದೆಯಲ್ಲ, ಹಾಗಾದರೆ ಆನ್ ಮಾಡುವುದು ಹೇಗೆ? ಬೋರ್ಡಿನ ಕೆಳಬಲ ಮೂಲೆಯಲ್ಲಿ ಮುಂಭಾಗದ ವಯರುಗಳಿಗೆಂದು ಒಂಬತ್ತು ಪಿನ್ನುಗಳ ಗುಂಪಿರುತ್ತದೆ. ಮ್ಯಾನುಯಲ್ ನೋಡಿ ಪವರ್ ಸ್ವಿಚ್ಚಿನ ಎರಡು ಪಿನ್ ಗುರುತಿಸಿ, ಸ್ಕ್ರೂಡ್ರೈವರ್ ತುದಿಯನ್ನು ಆ ಎರಡಕ್ಕೂ ಅರೆಕ್ಷಣ ತಾಗಿಸಿ. ಫ್ಯಾನ್ ತಿರುಗುತ್ತದೆ.

ಡಿಡಿಆರ್5 ಬೋರ್ಡುಗಳಲ್ಲಿ, ಅದರಲ್ಲೂ ಎಎಂ5ನಲ್ಲಿ, ಮೊದಲ ಸಲ ರ‍್ಯಾಮನ್ನು ಹದಗೊಳಿಸಿಕೊಳ್ಳಲು ಹಲವು ನಿಮಿಷ ಬೇಕು. ಪರದೆ ಕಪ್ಪಗಿರುತ್ತದೆ, ಡಿ‌ರ‍್ಯಾಮ್ ಎಂಬ ದೀಪ ಉರಿಯುತ್ತಿರುತ್ತದೆ. ಇಲ್ಲಿ ತಾಳ್ಮೆಗೆಟ್ಟು ಆಫ್ ಮಾಡಿದವರು ಒಳ್ಳೆಯ ಬೋರ್ಡನ್ನು ಕೆಟ್ಟಿದೆಯೆಂದು ವಾಪಸ್ ಕೊಟ್ಟು ಬಂದದ್ದೂ ಇದೆ. ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ.

ಬಯಾಸ್ (ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಪರದೆ ಬಂದರೆ ಪ್ರೊಸೆಸರ್ ಹೆಸರು, ರ‍್ಯಾಮಿನ ಒಟ್ಟು ಅಳತೆ, ಎಸ್‌ಎಸ್‌ಡಿಯ ಹೆಸರು, ಉಷ್ಣತೆ ಇಷ್ಟನ್ನೂ ನೋಡಿ. ಬಯಾಸ್‌ನಲ್ಲಿ ಸುಮ್ಮನೆ ನಿಂತಿರುವಾಗಲೇ ಉಷ್ಣತೆ 80, 90 ಡಿಗ್ರಿಗೆ ಏರುತ್ತಿದ್ದರೆ ಆಫ್ ಮಾಡಿ ಕೂಲರ್ ಮತ್ತೆ ಕೂರಿಸಿ. ಎಲ್ಲ ಸರಿಯಿದ್ದರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ರ‍್ಯಾಮ್ ಪರೀಕ್ಷೆ ಓಡಿಸಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ, ರ‍್ಯಾಮನ್ನು ಬಿಚ್ಚಿ ಕೂರಿಸಿದ ಮೇಲೂ ಅದು ಮರುಕಳಿಸಿದರೆ, ರ‍್ಯಾಮ್ ಬದಲಿಸಿಕೊಡಲು ಮಾರಾಟಗಾರರನ್ನು ಕೇಳಿ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ಏರಿರುವ ರೀತಿಯಲ್ಲಿ, ಗಡುವಿನೊಳಗೆ ಸಿಕ್ಕಿದ ದೋಷ ಸಾವಿರಾರು ರೂಪಾಯಿ ಉಳಿಸುತ್ತದೆ.

ಯಾವುದು ಬಂದಿಲ್ಲ?

ಮೇಲಿನದು ಪೂರ್ತಿ ಕ್ರಮ. ಯಾವ ಭಾಗ ಬಾಕಿಯಿದೆ ಎಂಬುದರ ಮೇಲೆ ನೀವು ಎಲ್ಲಿಗೆ ನಿಲ್ಲಬೇಕು ಎಂಬುದು ಬದಲಾಗುತ್ತದೆ.

ಬಾಕಿ ಇರುವುದು ಕ್ಯಾಬಿನೆಟ್ ಆದರೆ ನೀವು ಅದೃಷ್ಟವಂತರು, ಮೇಲಿನದನ್ನೆಲ್ಲ ಮಾಡಬಹುದು.

ಗ್ರಾಫಿಕ್ಸ್ ಕಾರ್ಡ್ ಆದರೆ ಪ್ರೊಸೆಸರಿನ ಹೆಸರು ನೋಡಿ. ಇಂಟೆಲ್ ಕೋರ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂ4ನ ರೈಜನ್‌ಗಳಲ್ಲಿ ಜಿ ಇರುವವಕ್ಕೆ ಮಾತ್ರ ಇದೆ. ಎಎಂ5ನ ರೈಜನ್ 7000, 9000 ಸರಣಿಯಲ್ಲಿ ಎಫ್ ಇಲ್ಲದವಕ್ಕೆಲ್ಲ ಅಷ್ಟಿಷ್ಟು ಇದೆ. ಇದ್ದರೆ ಮಾನಿಟರ್ ವಯರನ್ನು ಬೋರ್ಡಿನ ಎಚ್‌ಡಿಎಂಐಗೆ ಹಾಕಿ ವಿಂಡೋಸ್ ಸಹಿತ ಎಲ್ಲ ಮುಗಿಸಿಕೊಳ್ಳಿ. ಇಲ್ಲದಿದ್ದರೆ ಬೋರ್ಡಿನಲ್ಲಿ ಎಚ್‌ಡಿಎಂಐ ತೂತು ಇದ್ದರೂ ಅದರಲ್ಲಿ ಏನೂ ಬರುವುದಿಲ್ಲ. ಆಗ ಬೋರ್ಡಿನ ಪುಟ್ಟ ದೀಪಗಳನ್ನು ನೋಡಿ: ಸಿಪಿಯು, ಡಿ‌ರ‍್ಯಾಮ್ ದೀಪಗಳು ಹೊತ್ತಿ ಆರಿ, ವಿಜಿಎ (ಗ್ರಾಫಿಕ್ಸ್) ದೀಪ ಮಾತ್ರ ಉರಿಯುತ್ತ ಉಳಿದರೆ ಮೊದಲೆರಡು ಪಾಸಾಗಿವೆ ಎಂದೇ ಅರ್ಥ. ಗೆಳೆಯರ ಹಳೆ ಕಾರ್ಡ್ ಒಂದು ಗಂಟೆಗೆ ಸಾಲ ಸಿಕ್ಕರೆ ಇನ್ನೂ ಒಳ್ಳೆಯದು. ತೀರ ಹಳೆಯದಾದರೆ ಹೊಸ ಬೋರ್ಡಿನಲ್ಲಿ ಚಿತ್ರ ಬಾರದೇ ಇರಬಹುದು, ಅದಕ್ಕೆ ಬೋರ್ಡನ್ನು ದೂರಬೇಡಿ.

ಎಸ್‌ಎಸ್‌ಡಿ ಬಾಕಿಯಿದ್ದರೆ ಬಹಳ ಜನ ಕೈಕಟ್ಟಿ ಕೂರುತ್ತಾರೆ. ಬೇಕಿಲ್ಲ. ಪೆನ್‌ಡ್ರೈವ್‌ಗೆ ಉಬುಂಟು (ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ. ವೈಫೈ, ಲ್ಯಾನ್, ಆಡಿಯೊ, ಪ್ರತಿಯೊಂದು ಯುಎಸ್‌ಬಿ ತೂತು, ಎಲ್ಲವನ್ನೂ ಡಿಸ್ಕ್ ಇಲ್ಲದೆಯೇ ಪರೀಕ್ಷಿಸಬಹುದು. ಹಳೆ ಡಿಸ್ಕನ್ನು ತಾತ್ಕಾಲಿಕವಾಗಿ ಹಾಕುವ ಯೋಚನೆ ಬಂದರೆ ಒಂದು ಎಚ್ಚರ: ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವ ದಿನ ಹಳೆಯದನ್ನು ಬಿಚ್ಚಿಡಿ. ತಪ್ಪು ಡಿಸ್ಕ್ ಆರಿಸಿ ಹತ್ತು ವರ್ಷದ ಮದುವೆ, ನಾಮಕರಣದ ಫೋಟೊ ಅಳಿಸಿದರೆ ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ.

ಪ್ರೊಸೆಸರ್ ಬಾಕಿಯಿದ್ದರೆ ಸಾಕೆಟ್ಟಿನ ಮುಚ್ಚಳ ತೆಗೆಯಲೇ ಬೇಡಿ. ಆದರೆ ಬೋರ್ಡಿನ ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಎಂಬಂಥ ಬಟನ್ ಇದ್ದರೆ ಒಂದು ದೊಡ್ಡ ಕೆಲಸ ಈಗಲೇ ಆಗುತ್ತದೆ. ಪ್ರೊಸೆಸರ್, ರ‍್ಯಾಮ್ ಎರಡೂ ಇಲ್ಲದೆ ಬಯಾಸ್ ನವೀಕರಿಸಲು ಅದು ಇರುವುದು. ಬೋರ್ಡ್ ತಯಾರಕರ ತಾಣದಿಂದ ಕಡತ ಇಳಿಸಿ, ಮ್ಯಾನುಯಲ್ ಹೇಳಿದ ಹೆಸರನ್ನೇ ಕೊಟ್ಟು, ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಗುರುತು ಮಾಡಿದ ಯುಎಸ್‌ಬಿ ತೂತಿಗೆ ಸಿಕ್ಕಿಸಿ, 24 ಮತ್ತು 8 ಪಿನ್ನಿನ ಕರೆಂಟು ಕೊಟ್ಟು ಬಟನ್ ಒತ್ತಿ ಹಿಡಿಯಬೇಕು. ದೀಪ ಮಿಣುಕುವುದು ನಿಲ್ಲುವವರೆಗೆ ಏನನ್ನೂ ಮುಟ್ಟಬಾರದು. ಬಿ650 ಬೋರ್ಡಿನ ಹಳೆ ಸ್ಟಾಕಿಗೆ ರೈಜನ್ 9000, ಬಿ660 ಹಳೆ ಸ್ಟಾಕಿಗೆ 13ನೇ ತಲೆಮಾರಿನ ಇಂಟೆಲ್ ಹಾಕುವವರಿಗೆ ಇದು ಬೇಕೇ ಬೇಕು. ಇಂಟೆಲ್ 13, 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜಿನಿಂದ ಹಾಳಾಗುತ್ತಿದ್ದ ದೋಷಕ್ಕೆ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬಂದ ಪರಿಹಾರವೂ ಬಯಾಸ್ ಮೂಲಕವೇ ಬೋರ್ಡಿಗೆ ಇಳಿಯುವುದು. ಆ ಪ್ರೊಸೆಸರ್ ಕೊಂಡವರು ಮೊದಲ ದಿನವೇ ನವೀಕರಿಸಿ. ಒಂದೇ ಷರತ್ತು: ಬಯಾಸ್ ನವೀಕರಣದ ನಡುವೆ ಕರೆಂಟು ಹೋಗಬಾರದು. ಬೆಸ್ಕಾಂ ನಿಮ್ಮ ಏರಿಯಾಕ್ಕೆ ಕಡಿತ ಪ್ರಕಟಿಸಿದ ದಿನ, ಅಥವಾ ಮೇ ತಿಂಗಳ ಸಂಜೆ ಮೋಡ ಕಟ್ಟಿದಾಗ ಶುರು ಮಾಡಬೇಡಿ. ಯುಪಿಎಸ್ ಇದ್ದರೆ ನಿಶ್ಚಿಂತೆ.

ಕೂಲರ್ ಅಥವಾ ಅದರ ಬ್ರಾಕೆಟ್ ಬಾಕಿಯಿದ್ದರೆ ಆನ್ ಮಾಡುವಂತಿಲ್ಲ. ಐದು ಸೆಕೆಂಡು ಮಾತ್ರ ಎನ್ನುವವರ ಮಾತು ಕೇಳಬೇಡಿ. ಹಳೆ ಕೂಲರ್ ಇದೆ, ಹೊಂದುತ್ತದೆ ಎನ್ನುವವರಿಗೆ ಅಳತೆ ಹೇಳುತ್ತೇನೆ: ಇಂಟೆಲ್ 1200 ಮತ್ತು ಅದಕ್ಕೂ ಹಿಂದಿನ 1151ರಂಥ ಸಾಕೆಟ್ಟುಗಳಲ್ಲಿ ಕೂಲರ್ ತೂತುಗಳ ನಡುವೆ 75 ಮಿಲಿಮೀಟರ್, 1700ರಲ್ಲಿ 78. ಮೂರು ಮಿಲಿಮೀಟರ್ ತಾನೇ ಎಂದು ಎಳೆದು ಕೂರಿಸಿದರೆ ಒತ್ತಡ ಒಂದು ಕಡೆಗೇ ಬೀಳುತ್ತದೆ. ಎಎಂ4ಕ್ಕೆ ಬಂದ ಬಹಳಷ್ಟು ಕೂಲರ್‌ಗಳು ಎಎಂ5ಕ್ಕೂ ಕೂರುತ್ತವೆ. ಆದರೆ ಬೋರ್ಡಿನ ಹಿಂದಿನ ತಟ್ಟೆಯನ್ನೇ ಬದಲಿಸಬೇಕಾದ ಬಗೆಯವು ಆಗುವುದಿಲ್ಲ. ಈ ದಿನಗಳಲ್ಲಿ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಕೂರಿಸಿಟ್ಟು, ಬೋರ್ಡನ್ನು ಕ್ಯಾಬಿನೆಟ್ಟಿಗೆ ತಿರುಗಿಸದೆ ಹೊರಗೇ ಇಟ್ಟುಕೊಳ್ಳಿ. ಪೇಸ್ಟನ್ನು ಮುಂಚಿತವಾಗಿ ಹಚ್ಚಿಡಬೇಡಿ, ಅದರ ಮೇಲೆ ಬೆಂಗಳೂರಿನ ರಸ್ತೆ ಧೂಳು ಕೂರುತ್ತದೆ.

ಎಸ್‌ಎಂಪಿಎಸ್ ಬಾಕಿಯಿದ್ದರೆ ಕ್ಯಾಬಿನೆಟ್ ಜೊತೆ ಫ್ರೀ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಕಣ್ಣಿಗೆ ಬೀಳುತ್ತದೆ. ಮೇಲೆ 450 ವ್ಯಾಟ್ ಎಂದು ಅಚ್ಚಾಗಿರುತ್ತದೆ, ಎತ್ತಿ ನೋಡಿದರೆ ತೂಕವೇ ಇರುವುದಿಲ್ಲ. ಅದು ಕೆಡುವಾಗ ತಾನೊಂದೇ ಕೆಡುವುದಿಲ್ಲ. ಸಾಲ ತರುವುದಾದರೆ ಒಳ್ಳೆಯ ಕಂಪನಿಯದನ್ನು, ಅದರದ್ದೇ ವಯರುಗಳ ಸಮೇತ ತನ್ನಿ.

ಈ ವಯರಿನ ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ ಎನ್ನುವಷ್ಟು ಕಠಿಣವಾಗಿದ್ದೇನೆ. ಮಾಡ್ಯುಲರ್ (ವಯರುಗಳನ್ನು ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಬಂದಿದೆ, ಪ್ರೊಸೆಸರಿಗೆ ಹೋಗುವ ಒಂದು ವಯರ್ ಮಾತ್ರ ಡಬ್ಬಿಯಲ್ಲಿಲ್ಲ ಎಂದುಕೊಳ್ಳಿ. ಮನೆಯಲ್ಲಿ ಬೇರೆ ಕಂಪನಿಯ ಅಂಥದ್ದೇ ವಯರ್ ಇದೆ, ಎರಡೂ ತುದಿ ಸರಾಗ ಕೂರುತ್ತವೆ. ಬೋರ್ಡಿನ ಕಡೆಯ ತುದಿಗೆ ಎಲ್ಲ ಕಂಪನಿಗೂ ಒಂದೇ ನಿಯಮವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಬ್ಬರು 12 ವೋಲ್ಟ್ ಕೊಟ್ಟ ಜಾಗದಲ್ಲಿ ಇನ್ನೊಬ್ಬರು ಗ್ರೌಂಡ್ ಇಟ್ಟಿರುತ್ತಾರೆ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ವ್ಯತ್ಯಾಸ ಇರಬಹುದು. ಸ್ವಿಚ್ ಹಾಕಿದ ಗಳಿಗೆಯಲ್ಲೇ ಬೋರ್ಡೋ ಡಿಸ್ಕೋ ಸುಟ್ಟುಹೋಗುತ್ತದೆ, ವಾರಂಟಿಯೂ ಇಲ್ಲ. ಆ ಮಾದರಿಗೆಂದೇ ಇರುವ ವಯರ್ ಬರುವವರೆಗೆ ಕಾಯುವುದೊಂದೇ ದಾರಿ.

ರ‍್ಯಾಮ್ ಅಥವಾ ಮದರ್‌ಬೋರ್ಡೇ ಬಾಕಿಯಿದ್ದರೆ ಪರೀಕ್ಷೆಗೆ ಹೆಚ್ಚೇನೂ ಉಳಿಯುವುದಿಲ್ಲ. ಕ್ಯಾಬಿನೆಟ್ ಫ್ಯಾನು, ಎಸ್‌ಎಂಪಿಎಸ್ ಕೂರಿಸಿ, ವಯರು ಹಾದಿ ಮಾಡಿಕೊಳ್ಳಿ. ಆ ಮಾರಾಟಗಾರನ ಬೆನ್ನು ಹತ್ತುವುದೇ ಮುಖ್ಯ ಕೆಲಸ.

ಎಸ್.ಪಿ. ರೋಡಿಗೆ ಯಾವುದಕ್ಕೆ ಹೋಗಬೇಕು?

ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆಯಿರಿ, ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಸಾಟಾ ಕೇಬಲ್, ಸ್ಟ್ಯಾಂಡಾಫ್ (ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಎತ್ತಿ ಹಿಡಿಯುವ ಚಿಕ್ಕ ಕಂಬ), ಎಂ.2 ಸ್ಕ್ರೂ, ಪವರ್ ಕಾರ್ಡ್, ಪೇಸ್ಟ್ ಇವು ಅಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಎಂ.2 ಸ್ಕ್ರೂ ಮುಖ್ಯ ಅಂಗಡಿಯಲ್ಲಿ ಇಲ್ಲವೆಂದರೆ ಲ್ಯಾಪ್‌ಟಾಪ್ ರಿಪೇರಿಯವರ ಡಬ್ಬಿಯಲ್ಲಿ ಇದ್ದೇ ಇರುತ್ತದೆ.

ಬ್ರಾಕೆಟ್, ಹಿಂಬದಿಯ ತಗಡು, ಮಾಡ್ಯುಲರ್ ವಯರ್ ಮಾತ್ರ ಬೇರೆ ಕತೆ. "ಅಣ್ಣಾ, ಈ ಕೂಲರ್‌ಗೆ 1700 ಬ್ರಾಕೆಟ್ ಇದ್ಯಾ?" ಎಂದು ಕೇಳಿದರೆ, ನಿಯತ್ತಿನವರು "ಇಲ್ಲ ಸಾರ್, ಅದು ಕೂಲರ್ ಜೊತೇನೇ ಬರ್ಬೇಕು, ಕಂಪ್ನಿಗೆ ಮೇಲ್ ಹಾಕಿ" ಎನ್ನುತ್ತಾರೆ. "ಬನ್ನಿ ಸಾರ್, ಏನೋ ಒಂದು ಮಾಡಿ ಕೂರಿಸ್ಕೊಡ್ತೀನಿ" ಎನ್ನುವ ಅಂಗಡಿಯಿಂದ ನಗುತ್ತಲೇ ಹೊರಗೆ ಬನ್ನಿ. ಕೂಲರ್ ಕಂಪನಿಗಳು ಬಿಲ್ ಕಳಿಸಿದವರಿಗೆ ಬ್ರಾಕೆಟ್ಟನ್ನು ಪುಕ್ಕಟೆಯಾಗಿ ಕಳಿಸುವುದುಂಟು, ಒಂದು ಮೇಲ್ ಹಾಕಿ ನೋಡುವುದರಲ್ಲಿ ನಷ್ಟವಿಲ್ಲ.

ಪಕ್ಕಾ ಬಿಲ್ ಪಡೆಯಿರಿ. ಜಿಎಸ್‌ಟಿ ಉಳಿಸಿಕೊಡುತ್ತೇನೆ ಎಂಬ ಆಸೆಗೆ ಬಿದ್ದರೆ ವಾರಂಟಿಗೆ ಆಧಾರವಿರುವುದಿಲ್ಲ. ಮಾರಿದ ಮಾಲು ವಾಪಸ್ ಇಲ್ಲ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿದ್ದರೂ ಅಷ್ಟಕ್ಕೇ ಎದೆಗುಂದಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ.

ಬಾರದ ಪಾರ್ಸೆಲ್ಲಿನ ಬೆನ್ನು ಹತ್ತುವುದು

ಕರೆ ಮಾಡಿ ಮಾತಾಡಿದ್ದಕ್ಕೆ ದಾಖಲೆ ಇರುವುದಿಲ್ಲ, ಬರಹದಲ್ಲಿ ದೂರು ಕೊಡಿ. ಡಬ್ಬಿ ಬಂದು ಒಳಗೆ ವಸ್ತು ಕಡಿಮೆಯಿದ್ದರೆ ಆ ದಿನವೇ ಬರೆಯಿರಿ, ತೆರೆಯುವ ವಿಡಿಯೊ ಜೊತೆಗಿಡಿ. 2020ರ ಇ-ಕಾಮರ್ಸ್ ನಿಯಮಗಳಂತೆ ಆನ್‌ಲೈನ್ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆ ಒಂದು ಭಾಗ ತಡವಾಗುವುದು ಖಚಿತವಾದರೆ ಉಳಿದವುಗಳ ಬದಲಿ ಗಡುವಿನ ದಿನಾಂಕಗಳನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ದಿನ ಮುಂಚೆ ಒಮ್ಮೆ ಎಲ್ಲವನ್ನೂ ಮತ್ತೆ ಆನ್ ಮಾಡಿ ನೋಡಿ.

ಈ ನಡುವೆ ಬೋರ್ಡನ್ನು ತೆರೆದಿಟ್ಟು ಬಿಡಬೇಡಿ. ಆನ್ ಇಲ್ಲದಾಗ ಬೂದು ಕವರಿನೊಳಗೆ, ಡಬ್ಬಿಯೊಳಗೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚಿಡಿ. ಬೆಚ್ಚಗಿನ ಕತ್ತಲೆ ಜಾಗವೆಂದರೆ ಹಲ್ಲಿಗೂ ಜಿರಳೆಗೂ ಪ್ರೀತಿ.

ಕೊನೆಯ ಭಾಗ ಬಂದ ದಿನ

ಅದನ್ನೂ ಮೇಜಿನ ಮೇಲೆಯೇ ಒಮ್ಮೆ ಹಾಕಿ ನೋಡಿ. ಬಯಾಸ್ ಬಂದ ಮೇಲೆ ಕ್ಯಾಬಿನೆಟ್.

ಮೊದಲು ಸ್ಟ್ಯಾಂಡಾಫ್. ಎಟಿಎಕ್ಸ್ ಅಳತೆಯ ಬೋರ್ಡಿಗೆ ಸಾಮಾನ್ಯವಾಗಿ ಒಂಬತ್ತು, ಚಿಕ್ಕದಾದ ಮೈಕ್ರೊ ಎಟಿಎಕ್ಸ್‌ಗೆ ಅದಕ್ಕಿಂತ ಕಡಿಮೆ. ಬೋರ್ಡಿನಲ್ಲಿ ತೂತಿಲ್ಲದ ಜಾಗದ ಕೆಳಗೆ ಒಂದು ಉಳಿದುಬಿಟ್ಟರೂ ಹಿಂಬದಿಗೆ ತಾಗಿ ಶಾರ್ಟ್ ಆಗಬಹುದು, ಎಣಿಸಿ ತೆಗೆಯಿರಿ. ಹಿಂಬದಿಯ ತಗಡು ಬೇರೆಯಾಗಿ ಬಂದಿದ್ದರೆ ಅದನ್ನು ಬೋರ್ಡಿಗಿಂತ ಮೊದಲು ಒಳಗಿನಿಂದ ಒತ್ತಿ ಕೂರಿಸಬೇಕು, ಆಮೇಲೆ ಆಗುವುದಿಲ್ಲ. ಪ್ರೊಸೆಸರಿನ 8 ಪಿನ್ನಿನ ವಯರನ್ನು ಮೇಲಿನ ಮೂಲೆಯಿಂದ ತೂರಿಸಿಟ್ಟುಕೊಂಡು ಬೋರ್ಡ್ ಇಳಿಸಿ; ಕೂಲರ್ ದೊಡ್ಡದಾದರೆ ನಂತರ ಕೈ ತೂರುವುದಿಲ್ಲ. ಮುಂಭಾಗದ ಯುಎಸ್‌ಬಿ 3ರ 19 ಪಿನ್ನಿನ ದಪ್ಪ ಪ್ಲಗ್ಗನ್ನು ನೇರವಾಗಿ ಒತ್ತಿ, ಓರೆಯಾದರೆ ಪಿನ್ ಮಡಚುತ್ತದೆ. ಪವರ್ ಸ್ವಿಚ್ಚಿನ ವಯರಿಗೆ ಪ್ಲಸ್ ಮೈನಸ್ ಇಲ್ಲ, ದೀಪದ ವಯರುಗಳಿಗೆ ಇದೆ. ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕಿಂತ ಕೊನೆಗೆ, ಮತ್ತು ಮಾನಿಟರ್ ವಯರನ್ನು ಬೋರ್ಡಿನಿಂದ ಬಿಚ್ಚಿ ಕಾರ್ಡಿಗೆ ಹಾಕಿ. ಸಾವಿರಾರು ರೂಪಾಯಿಯ ಕಾರ್ಡ್ ಸುಮ್ಮನೆ ಕೂತು, ಆಟ ಬೋರ್ಡಿನ ವಯರಿನಲ್ಲೇ ತೆವಳುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಆನ್ ಆದ ಮೇಲೆ ಬಯಾಸ್‌ನಲ್ಲಿ ರ‍್ಯಾಮಿನ ವೇಗಕ್ಕೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಹಾಗೆ ಮಾಡದಿದ್ದರೆ ದುಬಾರಿ ರ‍್ಯಾಮ್ ಸಾಧಾರಣ ವೇಗದಲ್ಲೇ ಓಡುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದಿರುವುದರಿಂದ ಹಾಕಬೇಕಾದ್ದು 11. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಬಯಾಸ್‌ನಲ್ಲಿ ಇಂಟೆಲ್‌ಗೆ ಪಿಟಿಟಿ, ಎಎಂಡಿಗೆ ಎಫ್‌ಟಿಪಿಎಂ ಎಂದಿರುತ್ತದೆ. ಇನ್‌ಸ್ಟಾಲ್ ನಡುವೆ ಇಂಟರ್ನೆಟ್ ಕೇಳಿ, ವೈಫೈ ಕಾಣದೆ ನಿಂತರೆ ಆ್ಯಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವಯರಿನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಇಲ್ಲದೆಯೂ ಬಹುಪಾಲು ಕೆಲಸ ಮಾಡುತ್ತದೆ.

ಅಂದೇ ಒಂದರ್ಧ ಗಂಟೆ ಭಾರವಾದ ಆಟವನ್ನೋ ಪರೀಕ್ಷೆಯ ತಂತ್ರಾಂಶವನ್ನೋ ಓಡಿಸಿ ಉಷ್ಣತೆ ನೋಡಿ, ಕೊನೆಗೆ ಬಂದ ಭಾಗದ ಬದಲಿ ಗಡುವನ್ನೂ ಕ್ಯಾಲೆಂಡರಿಗೆ ಸೇರಿಸಿ. ಆ ದಿನಾಂಕ ದಾಟುವವರೆಗೆ ಅಟ್ಟದ ಮೇಲಿನ ಡಬ್ಬಿಗಳನ್ನು ಗುಜರಿಗೆ ಹಾಕಬೇಡಿ.